ಕಾನೂನು ಪ್ರವೇಶ ಪರೀಕ್ಷೆ (ಕ್ಲಾಟ್): ಚಿಂತಾಕಿ ಹೋಬಳಿಯ ಪಿಯುಸಿ ವಿದ್ಯಾರ್ಥಿಗಳಿಗೆ ಅಧ್ಯಯನ ಮತ್ತು ವೇಳಾಪಟ್ಟಿ ಕುರಿತ ಮಾಹಿತಿ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಕೋರಿ ನಾಡಕಚೇರಿಗೆ ಬರುವ ಪಿಯುಸಿ ವಿದ್ಯಾರ್ಥಿಗಳಲ್ಲಿ ಕಾನೂನು ವ್ಯಾಸಂಗ ಬಯಸುವವರೂ ಇರುತ್ತಾರೆ. ದ್ವಿತೀಯ ಪಿಯುಸಿ ಮುಗಿದ ನಂತರ ಅರ್ಜಿ ಸಲ್ಲಿಸಿದರಾಯಿತು ಎಂಬುದು ಅವರಲ್ಲಿ ಅನೇಕರ ತಿಳುವಳಿಕೆ. ಕ್ಲಾಟ್ ವಿಷಯದಲ್ಲಿ ಇದು ಸರಿಯಲ್ಲ. 2023, 2024 ಮತ್ತು 2025 ಈ ಮೂರೂ ವರ್ಷಗಳಲ್ಲಿ ಸದರಿ ಪರೀಕ್ಷೆ ಡಿಸೆಂಬರ್ ಮೊದಲ ಭಾನುವಾರ, ಅಂದರೆ ಪಿಯುಸಿ ವಾರ್ಷಿಕ ಪರೀಕ್ಷೆಗಿಂತ ಮೊದಲೇ ನಡೆದಿದೆ. ಅರ್ಜಿ ಸ್ವೀಕಾರ ಜುಲೈ ಅಥವಾ ಆಗಸ್ಟ್‌ನಲ್ಲಿ ಆರಂಭವಾಗಿದೆ. ಆದ್ದರಿಂದ ಸಿದ್ಧತೆಯನ್ನು ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲಿಯೇ ಆರಂಭಿಸತಕ್ಕದ್ದು.

ಪರೀಕ್ಷೆಯ ಸ್ವರೂಪ

2008ರಲ್ಲಿ ಆರಂಭವಾದ ಈ ಪರೀಕ್ಷೆಯ ಮೂಲಕ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ (ನ್ಯಾಷನಲ್ ಲಾ ಸ್ಕೂಲ್) ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಪ್ರವೇಶ ನೀಡಲಾಗುತ್ತದೆ. ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ವಿಭಾಗದವರು ಅರ್ಹರು. ದ್ವಿತೀಯ ಪಿಯುಸಿಯಲ್ಲಿ ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಕಡ್ಡಾಯ. ಗರಿಷ್ಠ ವಯೋಮಿತಿ ಇಲ್ಲ.

ಎರಡು ಗಂಟೆಯ ಅವಧಿಯಲ್ಲಿ 120 ಪ್ರಶ್ನೆಗಳು. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ ಮತ್ತು ಗಣಿತ ಎಂಬ ಐದು ವಿಭಾಗಗಳಿವೆ. ಪ್ರಶ್ನೆಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಸುಮಾರು 450 ಪದಗಳವರೆಗಿನ ಪಠ್ಯಭಾಗವೊಂದನ್ನು ಕೊಟ್ಟು ಅದರ ಮೇಲೆ ಐದಾರು ಪ್ರಶ್ನೆ ಕೇಳಲಾಗುತ್ತದೆ. ಲೆಕ್ಕ ಹಾಕಿದರೆ ಇಪ್ಪತ್ತಕ್ಕೂ ಹೆಚ್ಚು ಪಠ್ಯಭಾಗಗಳು, ಹತ್ತಿರ ಹತ್ತಿರ ಹತ್ತು ಸಾವಿರ ಪದಗಳಷ್ಟು ಇಂಗ್ಲಿಷ್ ಓದು. ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುತ್ತದೆ.

ನಮ್ಮ ಭಾಗದ ವಿದ್ಯಾರ್ಥಿಗಳಿಗೆ ನಿಜವಾದ ತೊಡಕು ಇದೇ ಆಗಿದೆ. ಮನೆಯಲ್ಲಿ ಕನ್ನಡ, ಮರಾಠಿ, ಉರ್ದು ಅಥವಾ ತೆಲುಗು. ಹತ್ತನೇ ತರಗತಿವರೆಗೆ ಕನ್ನಡ ಇಲ್ಲವೇ ಮರಾಠಿ ಮಾಧ್ಯಮ. ಬುದ್ಧಿಗೆ ಕೊರತೆ ಇಲ್ಲ, ಓದುವ ವೇಗಕ್ಕೆ ಕೊರತೆ. ದಪ್ಪ ಮಾರ್ಗದರ್ಶಿ ಪುಸ್ತಕ ಕೊಂಡು ಸಾವಿರ ಪ್ರಶ್ನೋತ್ತರ ಬಾಯಿಪಾಠ ಮಾಡುವುದರಿಂದ ಈ ಕೊರತೆ ನೀಗುವುದಿಲ್ಲ.

ವೇಳಾಪಟ್ಟಿ

ಏಪ್ರಿಲ್‌ನಿಂದ ಜೂನ್‌ವರೆಗೆ ಇಂಗ್ಲಿಷ್ ಓದಿಗೇ ಹೆಚ್ಚಿನ ಸಮಯ ಮೀಸಲಿಡುವುದು ಸೂಕ್ತ. ದಿನಕ್ಕೆ ಎರಡು ಗಂಟೆ ಸಾಕು. ಆದರೆ ಒಂದು ದಿನವೂ ತಪ್ಪಬಾರದು. ಇಂಗ್ಲಿಷ್ ದಿನಪತ್ರಿಕೆಯ ಒಂದು ಸಂಪಾದಕೀಯ, ಒಂದು ರಾಷ್ಟ್ರೀಯ ಸುದ್ದಿ ಓದಿ, ಅದರ ಸಾರವನ್ನು ಮೂರು ವಾಕ್ಯಗಳಲ್ಲಿ ಬರೆಯಬೇಕು. ಮೊದಲು ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಂಗ್ಲಿಷ್ ಪತ್ರಿಕೆ ಬರುತ್ತಿದೆಯೇ ಎಂದು ವಿಚಾರಿಸುವುದು. ಇದೇ ಓದು ಪ್ರಚಲಿತ ವಿದ್ಯಮಾನ ವಿಭಾಗಕ್ಕೂ ಒದಗುತ್ತದೆ, ಅಂದರೆ ಒಂದೇ ಖರ್ಚಿಗೆ ಎರಡು ಜಮೆ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ತರ್ಕದ ಎರಡು ವಿಭಾಗಗಳನ್ನು ಸೇರಿಸಿಕೊಳ್ಳುವುದು. ಕಾನೂನು ತರ್ಕಕ್ಕೆ ಕಾಯ್ದೆಗಳ ಪೂರ್ವಜ್ಞಾನ ಬೇಕಿಲ್ಲ. ಪಠ್ಯಭಾಗದಲ್ಲಿ ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಅನ್ವಯಿಸಿದರೆ ಸಾಕು. ಉದಾಹರಣೆಗೆ, ಹದಿನೇಳು ವರ್ಷದ ಹುಡುಗನೊಬ್ಬ ಔರಾದ ಸಂತೆಯಲ್ಲಿ ಎತ್ತು ಮಾರುವುದಾಗಿ ಕರಾರು ಮಾಡಿಕೊಂಡು ಹಿಂದೆ ಸರಿದನೆಂದು ಇಟ್ಟುಕೊಳ್ಳಿ. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಊರ ಹಿರಿಯರು ಹೇಳಬಹುದು. ಆದರೆ ಅಪ್ರಾಪ್ತ ವಯಸ್ಕನ ಕರಾರು ಅಸಿಂಧು ಎಂದು ಪಠ್ಯಭಾಗದಲ್ಲಿದ್ದರೆ ಉತ್ತರ ಅದರಂತೆಯೇ ಇರಬೇಕು. ಜಾಣ ವಿದ್ಯಾರ್ಥಿಗಳೂ ಸ್ವಂತ ನ್ಯಾಯ ಹೇಳಲು ಹೋಗಿ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಗಣಿತಕ್ಕೆ ಹತ್ತನೇ ತರಗತಿಯ ಶೇಕಡಾ, ಅನುಪಾತ, ಸರಾಸರಿ ಸಾಕಾಗುತ್ತದೆ.

ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ, ಅಂದರೆ ನಿಜವಾದ ಪರೀಕ್ಷೆಯ ಸಮಯದಲ್ಲಿಯೇ, ಪೂರ್ಣ ಮಾದರಿ ಪ್ರಶ್ನೆಪತ್ರಿಕೆ ಬಿಡಿಸಬೇಕು. ಹಿಂದಿನ ಪ್ರಶ್ನೆಪತ್ರಿಕೆಗಳು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲಿ ದೊರೆಯುತ್ತವೆ. ತಪ್ಪಾದ ಪ್ರತಿ ಉತ್ತರದ ಮುಂದೆ ಕಾರಣ ಬರೆದಿಡುವುದು: ಅರ್ಥವಾಗಲಿಲ್ಲವೇ, ಅವಸರವಾಯಿತೇ, ಸಮಯ ಸಾಲಲಿಲ್ಲವೇ. ತಪ್ಪು ಉತ್ತರಕ್ಕೆ 0.25 ಅಂಕ ಕಡಿತವಿದೆ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಉತ್ತರ ಗುರುತಿಸುವುದೇ ಲಾಭ. ಅಂತಹ ಎರಡು ಪ್ರಶ್ನೆಗಳಲ್ಲಿ ಒಂದು ಸರಿಯಾದರೂ 0.75 ಅಂಕ ಉಳಿಯುತ್ತದೆ.

ಪರೀಕ್ಷೆಯ ಮರುದಿನದಿಂದಲೇ ಪಿಯುಸಿ ಪಠ್ಯಗಳಿಗೆ ಮರಳಬೇಕು.

ದಾಖಲೆಗಳು ಮತ್ತು ವೆಚ್ಚ

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಶೇ. 25ರಷ್ಟು ಸ್ಥಾನ ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಿದ್ದು, ರಾಜ್ಯದ ಮಾನ್ಯತೆ ಪಡೆದ ಶಾಲೆ-ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕೆಂಬ ಷರತ್ತಿದೆ. ಗಡಿಭಾಗದವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಉದಗೀರ, ದೇಗಲೂರುಗಳಲ್ಲಿ ಕಳೆದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ. 371ಜೆ ಅರ್ಹತಾ ಪ್ರಮಾಣ ಪತ್ರವೇ ಬೇರೆ, ಈ ವ್ಯಾಸಂಗ ಪ್ರಮಾಣ ಪತ್ರವೇ ಬೇರೆ. ಒಂದರ ಬದಲು ಮತ್ತೊಂದು ನಡೆಯದು. ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರವನ್ನು ಬೇಸಿಗೆಯಲ್ಲಿಯೇ ಪಡೆದಿಟ್ಟುಕೊಳ್ಳುವುದು ಒಳಿತು.

ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಶುಲ್ಕ 4,000 ರೂ. ಇದ್ದು, ಪರಿಶಿಷ್ಟ ಜಾತಿ, ಪಂಗಡ ಹಾಗೂ ಬಡತನ ರೇಖೆಗಿಂತ ಕೆಳಗಿನವರಿಗೆ 3,500 ರೂ. ಇತ್ತು. ಫಲಿತಾಂಶವೂ ಡಿಸೆಂಬರ್‌ನಲ್ಲಿಯೇ ಬಂದಿದೆ. ಬೆನ್ನಿಗೇ ಸೀಟು ಹಂಚಿಕೆಯ ಶುಲ್ಕ ಕಟ್ಟಬೇಕಾಗುತ್ತದೆ. ತೊಗರಿ ಇನ್ನೂ ಹೊಲದಲ್ಲಿರುವ ಕಾಲವದು. ಸೋಯಾ ಮಾರಿದ ಹಣದಲ್ಲಿ ಒಂದಷ್ಟನ್ನು ಇದಕ್ಕೆಂದು ತೆಗೆದಿರಿಸುವಂತೆ ಪೋಷಕರಲ್ಲಿ ಕೋರಲಾಗಿದೆ. ಪರೀಕ್ಷಾ ಕೇಂದ್ರವನ್ನು ಅರ್ಜಿಯಲ್ಲಿಯೇ ಆದ್ಯತೆಯಂತೆ ನಮೂದಿಸಬೇಕು. ಬೀದರದಿಂದ ಹೈದರಾಬಾದ್ ಸುಮಾರು 140 ಕಿ.ಮೀ. ಇದೆ. ಯಾವ ಊರಾದರೂ ಹಿಂದಿನ ರಾತ್ರಿಯೇ ತಲುಪುವುದು ಕ್ಷೇಮ.

ಕ್ಲಾಟ್‌ನಲ್ಲಿ ಸ್ಥಾನ ದೊರೆಯದವರಿಗೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಿವೆ. ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜು ಅವುಗಳಲ್ಲಿ ಒಂದು. ಅಲ್ಲಿ ಕ್ಲಾಟ್ ಅಂಕ ಬೇಕಿಲ್ಲ, ಪಿಯುಸಿ ಅಂಕಗಳನ್ನು ನೋಡುತ್ತಾರೆ. ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳಿಗೆ ಚಿಂತಾಕಿ ನಾಡಕಚೇರಿಯಲ್ಲಿ ಜೂನ್ ತಿಂಗಳೊಳಗೆ ಅರ್ಜಿ ಸಲ್ಲಿಸುವುದು. ಆಯಾ ವಿಶ್ವವಿದ್ಯಾಲಯ ನಿಗದಿಪಡಿಸಿದ ನಮೂನೆ ಇದ್ದಲ್ಲಿ ಅದರ ಪ್ರತಿಯನ್ನು ಅರ್ಜಿಯೊಂದಿಗೆ ತರುವುದು.