ಹೊಟ್ಟೆ ಆಪರೇಷನ್ನಿಗೆ ಭುಜ ಏಕೆ ನೋಯುತ್ತದೆ?

ದಾವಣಗೆರೆಯ ಓದುಗರೊಬ್ಬರ ತಾಯಿಗೆ ಪಿತ್ತಕೋಶದ ಕಲ್ಲಿಗೆಂದು ಲ್ಯಾಪರೋಸ್ಕೋಪಿ, ಅಂದರೆ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್, ಆಗಿದೆ. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಗಾಯ. ಮರುದಿನ ಆ ಗಾಯಗಳಿಗಿಂತ ಬಲಭುಜವೇ ಹೆಚ್ಚು ನೋಯತೊಡಗಿತಂತೆ. ‘ಮಲಗಿಸುವಾಗ ಕೈ ತಿರುಚಿದರೇ? ವಾಯು ಭುಜಕ್ಕೆ ಏರಿದೆ ಎಂದು ಪಕ್ಕದ ಮನೆಯವರು ಓಂಕಾಳಿನ ಕಷಾಯ ತಂದಿದ್ದಾರೆ, ಕೊಡಬಹುದೇ?’ ಎಂದು ಕೇಳಿದ್ದಾರೆ. ಇನ್ನೊಂದು ಪ್ರಶ್ನೆಯೂ ಇದೆ. ಅವರ ಚಿಕ್ಕಪ್ಪನಿಗೆ ಇದೇ ಆಪರೇಷನ್ ರಂಧ್ರದಲ್ಲಿ ಶುರುವಾಗಿ, ಕೊನೆಗೆ ಹೊಟ್ಟೆ ಕೊಯ್ದು ಮುಗಿದಿತ್ತು. ಅದು ಡಾಕ್ಟರ ಸೋಲಲ್ಲವೇ?

ಭುಜದ ಪ್ರಶ್ನೆ ಓದಿ ನನಗೆ ಬಹಳ ಖುಷಿಯಾಯಿತು. ನಮ್ಮ ದೇಹದ ಸೊಗಸಾದ ಕಥೆಗಳಲ್ಲೊಂದು ಅದರಲ್ಲಿ ಅಡಗಿದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಉಸಿರಾಟದ ಮುಖ್ಯ ಕೆಲಸ ಅದರದ್ದೇ. ಭ್ರೂಣಕ್ಕೆ ಸುಮಾರು ನಾಲ್ಕು ವಾರವಾದಾಗ ಈ ವಪೆಯ ಮೊದಲ ಅಂಶ ಮೂಡುವುದು ಕತ್ತಿನ ಮಟ್ಟದಲ್ಲಿ! ಕತ್ತಿನ ಮೂರು, ನಾಲ್ಕು, ಐದನೆಯ ನರಗಳು ಅಲ್ಲಿಯೇ ಅದಕ್ಕೆ ಎಳೆ ಜೋಡಿಸುತ್ತವೆ. ಭ್ರೂಣ ಬೆಳೆದಂತೆ ವಪೆ ಕೆಳಗಿಳಿಯುತ್ತದೆ, ತನ್ನ ನರವನ್ನೂ ಜೊತೆಗೆ ಎಳೆದುಕೊಂಡೇ ಬರುತ್ತದೆ. ಹಾಗಾಗಿ ಇವತ್ತಿಗೂ ನಿಮ್ಮ ವಪೆಯ ನರ ಕತ್ತಿನಲ್ಲಿ ಹುಟ್ಟಿ, ಹೃದಯದ ಮಗ್ಗುಲಲ್ಲಿ ಹಾದು ಅಷ್ಟು ದೂರ ಇಳಿಯುತ್ತದೆ. ಭುಜದ ಚರ್ಮದ ಸುದ್ದಿ ಒಯ್ಯುವ ನರಗಳೂ ಕತ್ತಿನ ಅದೇ ಮೂರು, ನಾಲ್ಕನೆಯವು. ಎರಡು ಊರಿನ ಕಾಗದ ಒಂದೇ ಅಂಚೆಡಬ್ಬಿಗೆ ಬಿದ್ದಂತೆ ಇದು. ಮಿದುಳು ತನಗೆ ಪರಿಚಯವಿರುವ ವಿಳಾಸವನ್ನೇ ಓದಿಕೊಳ್ಳುತ್ತದೆ. ನೊಂದದ್ದು ವಪೆ, ನೋವು ಕಂಡದ್ದು ಭುಜದಲ್ಲಿ.

ವಪೆಯನ್ನು ನೋಯಿಸಿದ್ದು ಕಾರ್ಬನ್ ಡೈಆಕ್ಸೈಡ್. ಕ್ಯಾಮೆರಾ ಆಡಲು ಜಾಗ ಬೇಕೆಂದು ಹೊಟ್ಟೆಯೊಳಗೆ ಈ ಅನಿಲವನ್ನು 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ತುಂಬುತ್ತಾರೆ. ಒಳಗೆ ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವಾಗ ಇದು ಹೊತ್ತಿಕೊಳ್ಳುವುದಿಲ್ಲ, ರಕ್ತದಲ್ಲಿ ಬೇಗ ಕರಗುತ್ತದೆ. ಆದರೆ ವಪೆಯನ್ನು ಹಿಗ್ಗಿಸುತ್ತದೆ, ಒದ್ದೆ ಪೊರೆಯ ಮೇಲೆ ಆಮ್ಲವಾಗಿ ಕೆರಳಿಸುತ್ತದೆ. ಇದು ಇರುವುದು ಕರುಳಿನ ಹೊರಗೆ. ತೇಗಿನಲ್ಲಿ ಬರಲು ಅದಕ್ಕೆ ದಾರಿಯೇ ಇಲ್ಲ; ಓಂಕಾಳು, ಸೋಡಾ ಯಾವುದೂ ಅದನ್ನು ಮುಟ್ಟಲಾರದು. ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ ಉಸಿರಿನಲ್ಲಿ ಹೊರಬೀಳುತ್ತದೆ. ತಾಯಿಯವರನ್ನು ಎಬ್ಬಿಸಿ ನಡೆದಾಡಿಸಿ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಜ್ವರ, ಉಸಿರುಗಟ್ಟು, ಕಣ್ಣು ಹಳದಿಯಾಗುವುದು ಇದ್ದರೆ ಮಾತ್ರ ತಡಮಾಡದೆ ಡಾಕ್ಟರ ಬಳಿ ಓಡಬೇಕು.

ಕಷಾಯದ ಮಾತು ಬಂತು, ಹೇಳಿಬಿಡುತ್ತೇನೆ. ಮೂತ್ರದ ಕಲ್ಲಿಗೆ ಹೇಳುವ ಬಾಳೆದಿಂಡಿನ ರಸವನ್ನೇ ಪಿತ್ತಕೋಶದ ಕಲ್ಲಿಗೂ ಕುಡಿಸುತ್ತಾರಲ್ಲ, ಮೂತ್ರದ ದಾರಿಗೂ ಪಿತ್ತಕೋಶಕ್ಕೂ ಸಂಬಂಧವೇ ಇಲ್ಲ. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಮರುದಿನ ಹಸಿರು ‘ಕಲ್ಲು’ ಬಿದ್ದವೆಂದು ಫೋಟೊ ಹಂಚುವವರಿದ್ದಾರೆ. ನ್ಯೂಜಿಲೆಂಡಿನ ವೈದ್ಯರು ಅಂಥವನ್ನು ಪರೀಕ್ಷಿಸಿ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು: 40 ಡಿಗ್ರಿ ಬಿಸಿಗೇ ಕರಗಿ ಎಣ್ಣೆಯಾದವು, ಮುಕ್ಕಾಲು ಪಾಲು ಕೊಬ್ಬಿನ ಆಮ್ಲ, ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿತ್ತು! ಇದನ್ನು ನಂಬಿ ತಿಂಗಳುಗಟ್ಟಲೆ ಕಾದರೆ ಪಿತ್ತಕೋಶ ಮತ್ತೆ ಮತ್ತೆ ಬಾತು ಸುತ್ತಲಿಗೆ ಅಂಟಿಕೊಳ್ಳುತ್ತದೆ. ಎರಡನೆಯ ಪ್ರಶ್ನೆಯ ಬೇರು ಇಲ್ಲೇ ಇದೆ. ಅಲ್ಲಿಗೆ ಬರುವ ಮೊದಲು ರಂಧ್ರದ ಕಥೆ ಸ್ವಲ್ಪ.

ಪಿತ್ತಕೋಶವನ್ನು ಮೊದಲು ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ, ಹೊಟ್ಟೆ ತೆರೆದು. ರಂಧ್ರದ ಮೂಲಕ ತೆಗೆದವರು ಬೋಬ್ಲಿಂಗೆನ್ನಿನ ಎರಿಕ್ ಮ್ಯೂಹೆ, 1985ರಲ್ಲಿ. ಅವರ ದೇಶದ ಸರ್ಜನ್ನರೇ ಆಗ ಅವರನ್ನು ಮೂದಲಿಸಿದ್ದರು. ನಮ್ಮಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಂಟನ್ ಉದ್ವಾಡಿಯಾ ಶುರುಮಾಡಿದರು. ಉದ್ದಕ್ಕೆ ಕೊಯ್ಯುವುದಕ್ಕಿಂತ ಇದರಲ್ಲಿ ನೋವು ಕಡಿಮೆ, ಮನೆಗೆ ಬೇಗ ಹೋಗಬಹುದು, ಅನುಮಾನವಿಲ್ಲ. ಆದರೆ ಆ ಲಾಭವೆಲ್ಲ ರಂಧ್ರದ್ದೇ ಎನ್ನುವಂತಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 200 ರೋಗಿಗಳಲ್ಲಿ ಕೆಲವರಿಗೆ ಲ್ಯಾಪರೋಸ್ಕೋಪಿ, ಕೆಲವರಿಗೆ ಪುಟ್ಟ ಕೊಯ್ತದ ತೆರೆದ ಆಪರೇಷನ್ ಮಾಡಿದರು. ಎಲ್ಲರ ಹೊಟ್ಟೆಗೂ ಒಂದೇ ಥರದ ಬ್ಯಾಂಡೇಜ್! ಯಾರಿಗೆ ಯಾವುದಾಗಿದೆ ಎಂದು ರೋಗಿಗೂ ತಿಳಿಯದು, ನೋಡಿಕೊಳ್ಳುವ ನರ್ಸಿಗೂ ತಿಳಿಯದು. 1996ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನವರು ಆಸ್ಪತ್ರೆಯಲ್ಲಿದ್ದದ್ದು ಒಂದೇ ಅವಧಿ, ಚೇತರಿಕೆಯೂ ಸರಿಸುಮಾರು ಒಂದೇ. ‘ಎಷ್ಟು ತೂತು’ ಎಂದು ಕೇಳುವ ನಮ್ಮ ಅಭ್ಯಾಸವನ್ನು ಈ ಬ್ಯಾಂಡೇಜಿನಷ್ಟು ಚೆನ್ನಾಗಿ ಇನ್ನಾವುದೂ ಪ್ರಶ್ನಿಸಿಲ್ಲ.

ಇನ್ನು ಚಿಕ್ಕಪ್ಪನ ವಿಷಯ. ಸರ್ಜನ್ ಗೆಳೆಯರೊಬ್ಬರು ಒಮ್ಮೆ ಇಂಥ ಆಪರೇಷನ್ನಿನ ರೆಕಾರ್ಡಿಂಗ್ ತೋರಿಸಿದ್ದರು. ಪರದೆಯ ತುಂಬ ಹಳದಿ ಕೊಬ್ಬು, ಮೇಲೆ ಕಂದುಗೆಂಪು ಯಕೃತ್ತಿನ ಅಂಚು, ಅದರಡಿ ನೀಲಿ-ಹಸಿರು ಛಾಯೆಯ ಪಿತ್ತಕೋಶ. ಇಕ್ಕುಳ ಅದನ್ನು ಮೇಲಕ್ಕೆಳೆದಾಗ ಕೆಳಗೆ ಒಂದು ನಾಳ ಬಿಗಿಯಾಗಿ ನೆಟ್ಟಗಾಯಿತು. ‘ಇದೇನಾ ಕತ್ತರಿಸಬೇಕಾದದ್ದು?’ ಎಂದೆ. ‘ಇನ್ನೂ ಗೊತ್ತಿಲ್ಲ’ ಎಂದರು. ಕತ್ತರಿಸಬೇಕಾದದ್ದು ಪಿತ್ತಕೋಶದ ಕವಲುನಾಳ. ಹೀಗೆ ಎಳೆದಾಗ ಅದು ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳದ ಜೊತೆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಮುಖ್ಯನಾಳಕ್ಕೆ ಕತ್ತರಿ ಬಿದ್ದರೆ ಕರುಳನ್ನೇ ತಂದು ಯಕೃತ್ತಿನ ನಾಳಕ್ಕೆ ಹೊಲಿಯುವ ದೊಡ್ಡ ಆಪರೇಷನ್ ಬೇಕಾಗಬಹುದು. ಇಂಥ 252 ಪ್ರಕರಣಗಳನ್ನು ಅಮೆರಿಕದಲ್ಲಿ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ನೂರಕ್ಕೆ 97ರಲ್ಲಿ ಮೂಲ ಕಾರಣ ಕಣ್ಣಿನ ಭ್ರಮೆ! ಕೈಚಳಕಕ್ಕೆ ಕೊರತೆಯಿರಲಿಲ್ಲ; ಮುಖ್ಯನಾಳವೇ ಕವಲುನಾಳವಾಗಿ ಕಂಡಿತ್ತು, ಬಹುಪಾಲು ಮಂದಿಗೆ ಆ ಕ್ಷಣದಲ್ಲಿ ಸಂಶಯವೂ ಹುಟ್ಟಿರಲಿಲ್ಲ.

ಇಂಥ ತಪ್ಪು ತಡೆಯಲೆಂದೇ, ಈ ಅಧ್ಯಯನಕ್ಕೂ ಮೊದಲು, ಸ್ಟೀವನ್ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ 1995ರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಮುಂದಿಟ್ಟರು. ಕವಲುನಾಳ, ಮುಖ್ಯನಾಳ, ಯಕೃತ್ತಿನ ನಡುವಿನ ತ್ರಿಕೋನದ ಕೊಬ್ಬನ್ನೆಲ್ಲ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಪಿತ್ತಕೋಶಕ್ಕೆ ಸೇರುವುದು ಎರಡೇ ಎರಡು ಎಳೆ (ಕವಲುನಾಳ, ರಕ್ತನಾಳ) ಎಂದು ಕಾಣುವವರೆಗೆ ಏನನ್ನೂ ಕತ್ತರಿಸಬಾರದು. ಎಲ್ಲ ಅಂಟಿಕೊಂಡು ಅದು ಕಾಣದೇ ಹೋದರೆ? ಹೊಟ್ಟೆ ತೆರೆದು ಬೆರಳಿನಿಂದ ಮುಟ್ಟಿ ತಿಳಿಯುವುದು ಒಂದು ದಾರಿ. ಅಪಾಯದ ಭಾಗವನ್ನು ಬಿಟ್ಟು ಉಳಿದದ್ದನ್ನಷ್ಟೇ ತೆಗೆಯುವುದು ಇನ್ನೊಂದು. ಎರಡೂ ಒಳ್ಳೆಯ ಸರ್ಜನ್ ಮಾಡುವ ಕೆಲಸವೇ. ನಿಮ್ಮ ಚಿಕ್ಕಪ್ಪನ ಡಿಸ್ಚಾರ್ಜ್ ಹಾಳೆ ಇನ್ನೂ ಇದ್ದರೆ ತೆಗೆದು ನೋಡಿ, ಒಳಗೆ ಅಂಟಿಕೊಂಡಿತ್ತು ಎಂಬ ಅರ್ಥದ ಸಾಲು ಬಹುಶಃ ಸಿಗುತ್ತದೆ. ಪಿತ್ತಕೋಶದ ತುಂಡು ಉಳಿಸಿದ್ದಾರೆ ಎಂದೂ ಅದರಲ್ಲಿ ಬರೆದಿದ್ದರೆ ಹಾಳೆಯನ್ನು ಜೋಪಾನವಾಗಿಡಿ. ಉಳಿದ ತುಂಡಿನಲ್ಲಿ ಮತ್ತೆ ಕಲ್ಲು ಕಾಣಿಸಿಕೊಳ್ಳುವುದುಂಟು; ಮುಂದೆ ಯಾವತ್ತಾದರೂ ಅವರಿಗೆ ಬಲಪಕ್ಕೆಯ ಕೆಳಗೆ ನೋವು ಬಂದರೆ ನೋಡುವ ಡಾಕ್ಟರಿಗೆ ಮೊದಲು ಆ ಹಾಳೆ ತೋರಿಸಬೇಕು.