ಹತ್ತು ಗುಂಟೆ ಹಾಯಿ

2012ರ ಸೆಪ್ಟೆಂಬರ್ 15ರಂದು ಕೊಚ್ಚಿ ಬಂದರಿನಿಂದ ಹೊರಟ ಐಎನ್‌ಎಸ್ ಸುದರ್ಶಿನಿಯಲ್ಲಿ ಇದ್ದ ಹಾಯಿಗಳು 20. ಎಲ್ಲವನ್ನೂ ಬಿಚ್ಚಿ ನೆಲದ ಮೇಲೆ ಹಾಸಿದರೆ 1,035 ಚದರ ಮೀಟರ್. ನಮ್ಮ ಪಹಣಿಯ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗುಂಟೆ, ಮೇಲೊಂದಿಷ್ಟು. ಕಾಲು ಎಕರೆ ಬಟ್ಟೆ! ಅದನ್ನು ಎತ್ತಲು, ಇಳಿಸಲು, ಗಾಳಿಗೆ ತಕ್ಕಂತೆ ತಿರುಗಿಸಲು ಏಳೂವರೆ ಕಿಲೋಮೀಟರ್ ಹಗ್ಗ. ಸಾಲದ್ದಕ್ಕೆ ಒಂದೂವರೆ ಕಿಲೋಮೀಟರ್ ಉಕ್ಕಿನ ತಂತಿಹಗ್ಗ. ಇಷ್ಟನ್ನೂ ಹೊತ್ತ ಹಡಗಿನ ಉದ್ದ 54 ಮೀಟರ್, ಅಗಲ ಬರೀ ಎಂಟೂವರೆ.

ಗೋವಾ ಶಿಪ್‌ಯಾರ್ಡ್ ಕಟ್ಟಿದ ಈ ಮೂರು ಪಟಸ್ತಂಭಗಳ ಹಡಗು ನೌಕಾಪಡೆಗೆ ಸೇರಿದ್ದು ಅದೇ ವರ್ಷದ ಜನವರಿಯಲ್ಲಿ. ಒಮ್ಮೆಗೆ 30 ಕೆಡೆಟ್‌ಗಳಿಗೆ ಇಲ್ಲಿ ಕಡಲಿನ ಪಾಠ. ಪಾಠ ಹೇಳುವ ಮೇಷ್ಟ್ರು ಗಾಳಿ, ಅದರ ಲೆಕ್ಕ ಬಲು ಕಟ್ಟುನಿಟ್ಟು. ಗಂಟೆಗೆ 37 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಒಂದೊಂದು ಚದರ ಮೀಟರಿನ ಮೇಲೂ ಸುಮಾರು ಆರೂವರೆ ಕೆ.ಜಿ. ಒತ್ತಡ. ಹತ್ತು ಗುಂಟೆಗೂ ಹಬ್ಬಿಸಿದರೆ ಆರೇಳು ಟನ್. ವೇಗ ಇಮ್ಮಡಿಸಿತೋ, ಒತ್ತಡ ನಾಲ್ಕು ಪಟ್ಟು: 27 ಟನ್ನಿನ ಹತ್ತಿರ. ಆದ್ದರಿಂದಲೇ ಬಿರುಗಾಳಿ ಬರುವ ಮೊದಲೇ ಹಾಯಿ ಸುತ್ತಿಡಬೇಕು.

ಸುತ್ತುವವರು ಯಾರು? ಇನ್ನೂ ಕಡಲಿನ ಓಲಾಟಕ್ಕೆ ಹೊಟ್ಟೆ ಒಗ್ಗಿರದ ಆ ಕೆಡೆಟ್‌ಗಳೇ. ಸೊಂಟಕ್ಕೆ ಸುರಕ್ಷತಾ ಪಟ್ಟಿ ಬಿಗಿದು, ಹಗ್ಗದೇಣಿ ಹತ್ತಿ, ಅಡ್ಡಕಂಬದ ಕೆಳಗೆ ತೂಗುವ ಒಂದೇ ಹಗ್ಗದ ಮೇಲೆ ಪಾದ ಊರುತ್ತಾರೆ. ಹೊಟ್ಟೆಯನ್ನು ಕಂಬಕ್ಕೆ ಒತ್ತಿ ಮುಂದಕ್ಕೆ ಬಾಗಿ, ಉಬ್ಬಿದ ಬಟ್ಟೆಯನ್ನು ಮುಷ್ಟಿ ಮುಷ್ಟಿಯಾಗಿ ಎಳೆದುಕೊಳ್ಳುತ್ತಾರೆ. ಹಡಗು ಎಡಕ್ಕೆ 15 ಡಿಗ್ರಿ, ಬಲಕ್ಕೆ 15 ಡಿಗ್ರಿ ಓಲುತ್ತಿದೆ ಎನ್ನಿ. ಕೆಳಗೆ ನಿಂತವನಿಗೆ ಅದು ತೂಕಡಿಸುವಷ್ಟೇ ಓಲಾಟ. 30 ಮೀಟರ್ ಮೇಲಿರುವವನು ಆ ಬದಿಗೆ ಏಳೂಮುಕ್ಕಾಲು, ಈ ಬದಿಗೆ ಏಳೂಮುಕ್ಕಾಲು ಮೀಟರ್ ತೂಗುತ್ತಾನೆ, ಒಟ್ಟು ಹದಿನೈದರ ಮೇಲೆ. ಹಡಗಿನ ಅಗಲವೇ ಎಂಟೂವರೆ ಅಂದೆನಲ್ಲ? ಪ್ರತಿ ಓಲಾಟದಲ್ಲೂ ಒಮ್ಮೆ ಎಡಗಡೆಯ ಸಮುದ್ರದ ಮೇಲೆ, ಒಮ್ಮೆ ಬಲಗಡೆಯ ಸಮುದ್ರದ ಮೇಲೆ ಇರುತ್ತಾನೆ. ಕಾಲ ಕೆಳಗೆ ಹಡಗು ಇರುವುದು ನಡುನಡುವೆ ಮಾತ್ರ. ಈ ಲೆಕ್ಕವನ್ನು ಹತ್ತುವ ಮೊದಲು ಯಾರೂ ಮಾಡದಿರುವುದೇ ವಾಸಿ.

ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಭಾರತದ ನಂಟಿಗೆ 20 ವರ್ಷ ತುಂಬಿದ ನೆಪದಲ್ಲಿ ಹೊರಟ ಆ ಯಾನ 9 ದೇಶಗಳ 13 ಬಂದರುಗಳನ್ನು ಮುಟ್ಟಿ 2013ರ ಮಾರ್ಚ್ 25ರಂದು ಕೊಚ್ಚಿಗೆ ಮರಳಿತು. 12,000 ನಾಟಿಕಲ್ ಮೈಲಿಗೂ ಮಿಕ್ಕ ದಾರಿ, ಅಂದರೆ ಸುಮಾರು 22,000 ಕಿ.ಮೀ.; ಭೂಮಿಯ ನಡುಸುತ್ತಿನ ಅರ್ಧಕ್ಕಿಂತ ಜಾಸ್ತಿ. (ಇದರ ಅಕ್ಕ ಐಎನ್‌ಎಸ್ ತರಂಗಿಣಿ 2003-04ರಲ್ಲಿ ಭೂಮಿಯನ್ನೇ ಸುತ್ತಿ ಬಂದಿದ್ದಳು.) ಬಂದರುಗಳಲ್ಲಿ ತಂಗಿದ ದಿನಗಳನ್ನೂ ಸೇರಿಸಿ ಭಾಗಿಸಿದರೆ ಸರಾಸರಿ ವೇಗ ಗಂಟೆಗೆ ಐದು ಕಿ.ಮೀ.ಯೂ ಇಲ್ಲ. ನಾವು ಸಂಜೆ ವಾಕಿಂಗ್ ಹೋಗುವ ವೇಗ!

2013ರ ನವೆಂಬರಿನಲ್ಲಿ ನೌಕಾಪಡೆಗೆ ಸೇರಿ, ಕಾರವಾರವನ್ನು ನೆಲೆ ಮಾಡಿಕೊಂಡ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದ ಉದ್ದ 284 ಮೀಟರ್. ತೂಕದಲ್ಲಿ ಅದು ಸುದರ್ಶಿನಿಯ ಎಂಬತ್ತು ಪಟ್ಟಿಗೂ ಹೆಚ್ಚು. ಅಂಥ ಹಡಗುಗಳಿಗೆ ಅಧಿಕಾರಿಗಳಾಗಿ ಹೋಗುವವರಿಗೂ ನೌಕಾಪಡೆ ಇಂದಿಗೂ ಯಾವ ಹಗ್ಗವನ್ನು ಎಲ್ಲಿ ಬಿಗಿದಿದೆ ಎಂದು ಕತ್ತಲಲ್ಲಿ ತಡವಿ ಹೇಳುವುದನ್ನು ಕಲಿಸುತ್ತದೆ.