ಮನೆಯ ಗಾಜಿನ ತೊಟ್ಟಿಗೆ ಸಾಧು ಮೀನುಗಳು

ದಿನವಿಡೀ ತೋಟದಲ್ಲಿ ದುಡಿದು ಬಂದವರಿಗೆ ಸಂಜೆ ಜಗಲಿಯಲ್ಲಿ ಕುಳಿತು ಮೀನುಗಳ ಓಡಾಟ ನೋಡುವುದು ಮನಸ್ಸಿಗೆ ಹಿತ. ಇದು ಬರಿಯ ಭಾವನೆಯಲ್ಲ. ಇಂಗ್ಲೆಂಡಿನ ಪ್ಲಿಮತ್ ನಗರದ ರಾಷ್ಟ್ರೀಯ ಮತ್ಸ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೊಟ್ಟಿಯನ್ನು ನೋಡುತ್ತಿದ್ದವರ ಎದೆಬಡಿತ ಹಾಗೂ ರಕ್ತದೊತ್ತಡ ಇಳಿದುದು ಕಂಡುಬಂದಿತು. ಆದರೆ ಒಂದನ್ನೊಂದು ಅಟ್ಟುವ, ರೆಕ್ಕೆ ಹರಿದ, ವಾರಕ್ಕೊಂದು ಸಾಯುವ ಮೀನುಗಳಿಂದ ನೆಮ್ಮದಿ ದೊರಕದು. ತೊಟ್ಟಿಯ ಶಾಂತಿ ನಿರ್ಧಾರವಾಗುವುದು ಬಹುಮಟ್ಟಿಗೆ ಮೀನು ಕೊಳ್ಳುವ ದಿನವೇ. ಮಣ್ಣು, ನೆರಳು ನೋಡಿ ಉಪಬೆಳೆ ಆರಿಸುವಂತೆ, ನಮ್ಮ ನೀರು, ನಮ್ಮ ಹವೆ ಮತ್ತು ಜೊತೆಯ ಮೀನು - ಈ ಮೂರಕ್ಕೂ ಹೊಂದುವ ಜಾತಿಗಳನ್ನು ಆರಿಸಬೇಕು.

ಯಾವುವು ಬೇಡ

ಅಂಗಡಿಯಲ್ಲಿ ಎರಡು ಅಂಗುಲವಿರುವ ಆಸ್ಕರ್ ಮರಿ ಬೆಳೆದು ಒಂದಡಿಯಾಗುತ್ತದೆ; ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಟೈಗರ್ ಬಾರ್ಬ್ ಇತರ ಮೀನುಗಳ ರೆಕ್ಕೆ ಕಚ್ಚುತ್ತದೆ. ಫೈಟರ್ ಮೀನಿನ ಎರಡು ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಬಿಡಲೇಬಾರದು. ಏಂಜಲ್ ಮೀನು ನೋಡಲು ಗಂಭೀರವಾದರೂ ಬೆಳೆದ ಮೇಲೆ ಸಣ್ಣ ನಿಯಾನ್ ಟೆಟ್ರಾಗಳನ್ನು ತಿಂದುಬಿಡುತ್ತದೆ. ಗೋಲ್ಡ್ ಫಿಶ್ ಸಾಧುವೇ ಹೌದು. ಆದರೆ ಅದು ದೊಡ್ಡದಾಗಿ ಬೆಳೆದು ನೀರನ್ನು ಬಹಳ ಕೆಡಿಸುವುದರಿಂದ ಎರಡಡಿಯ ತೊಟ್ಟಿಗೆ ತಕ್ಕದ್ದಲ್ಲ.

ನಮ್ಮ ನೀರು, ನಮ್ಮ ಹವೆ

ಮಳೆ ಹೆಚ್ಚಿರುವ ನಮ್ಮ ಪ್ರದೇಶದ ಬಾವಿ, ಹಳ್ಳಗಳ ನೀರು ಸಾಮಾನ್ಯವಾಗಿ ಮೆದು ನೀರು. ಸುಣ್ಣದ ಅಂಶ ಕಡಿಮೆ. ಗಪ್ಪಿ, ಮೋಲಿಗಳು ಗಡಸು ನೀರನ್ನು ಬಯಸಿದರೆ, ಟೆಟ್ರಾ, ಹಾರ್ಲೆಕ್ವಿನ್ ರಸ್ಬೋರಾ, ಚೆರ್ರಿ ಬಾರ್ಬ್, ಗೌರಾಮಿಗಳಿಗೆ ಮೆದು ನೀರೇ ಒಗ್ಗುತ್ತದೆ. ಇದು ನಮಗೆ ಅನುಕೂಲ.

ಘಟ್ಟದ ಮೇಲೆ ಡಿಸೆಂಬರ್-ಜನವರಿಯ ರಾತ್ರಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಮೇಲೆ ಹೇಳಿದ ಮೀನುಗಳಿಗೆ 23ರಿಂದ 26 ಡಿಗ್ರಿಯಷ್ಟು ಬೆಚ್ಚನೆಯ ನೀರು ಬೇಕು. ಲೀಟರಿಗೆ ಒಂದು ವಾಟ್ ಲೆಕ್ಕದಲ್ಲಿ ಹೀಟರ್ ಇಟ್ಟರೆ ಸಾಕು. ಹೀಟರ್ ಬೇಡವೆನ್ನುವವರು ಚೀನಾ ಮೂಲದ ವೈಟ್ ಕ್ಲೌಡ್ ಮೀನನ್ನು ಸಾಕಬಹುದು. ಇದು ಚಳಿಯನ್ನು ತಾಳುತ್ತದೆ. ಜೀಬ್ರಾ ಡ್ಯಾನಿಯೋ ಸಹ ತಾಳುತ್ತದೆಯಾದರೂ ಅದು ಒಂದು ಗಳಿಗೆಯೂ ಸುಮ್ಮನಿರದು. ನಿಧಾನದ ನೋಟ ಬಯಸುವವರಿಗೆ ಹಿಡಿಸಲಾರದು. ಕರಾವಳಿಯಲ್ಲಿ ಸಮಸ್ಯೆ ಸೆಖೆಯದು. ಅಲ್ಲಿ ವೈಟ್ ಕ್ಲೌಡ್, ನಿಯಾನ್ ಬೇಡ. ಹನಿ ಗೌರಾಮಿ, ಹಾರ್ಲೆಕ್ವಿನ್ ಮೇಲು.

ಎರಡಡಿಯ ತೊಟ್ಟಿಗೆ ಒಂದು ಕೂಟ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಅದಕ್ಕೆ ಹಾರ್ಲೆಕ್ವಿನ್ ಅಥವಾ ಚೆರ್ರಿ ಬಾರ್ಬ್ ಒಂದೇ ಜಾತಿಯವು 8, ಹನಿ ಗೌರಾಮಿ ಒಂದು ಗಂಡು ಎರಡು ಹೆಣ್ಣು, ತಳದಲ್ಲಿ ಓಡಾಡಲು ಕೋರಿಡೋರಸ್ 5 ಸಾಕು. ಕೋರಿಡೋರಸ್‌ಗಳಲ್ಲಿ ಸ್ಟರ್ಬೈ ಎಂಬ ಜಾತಿ ಸೆಖೆಯನ್ನು ಹೆಚ್ಚು ತಾಳುತ್ತದೆ. ಗುಂಪಿನಲ್ಲಿ ಬಾಳುವ ಮೀನನ್ನು ಒಂದೆರಡು ಮಾತ್ರ ತಂದರೆ ಅದು ಹೆದರಿ ಮೂಲೆ ಸೇರುತ್ತದೆ. ತಳಕ್ಕೆ ನುಣುಪಾದ ಮರಳು ಹಾಕಿರಿ. ಒರಟು ಜಲ್ಲಿಯಿಂದ ಕೋರಿಡೋರಸ್‌ನ ಮೀಸೆ ಸವೆಯುತ್ತದೆ. ನೀರಿನ ಗಿಡಗಳಿದ್ದರೆ ಹೆದರಿದ ಮೀನಿಗೆ ಮರೆಯಾಗುತ್ತದೆ.

ಈ ಕೂಟದಲ್ಲಿ ಇನ್ನೊಂದು ಲಾಭವಿದೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ವಿದ್ಯುತ್ ಹೋದಾಗ ಪಂಪು ನಿಲ್ಲುತ್ತದೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಗೌರಾಮಿ ಮತ್ತು ಕೋರಿಡೋರಸ್ ನಮ್ಮ ಗದ್ದೆಯ ಮುಗುಡಿನಂತೆ ಮೇಲೆ ಬಂದು ಗಾಳಿಯನ್ನೇ ಎಳೆದುಕೊಳ್ಳಬಲ್ಲವು. ಉಳಿದವಕ್ಕೆ ಆ ಶಕ್ತಿಯಿಲ್ಲದ ಕಾರಣ ಮೀನಿನ ಸಂಖ್ಯೆ ಮಿತವಾಗಿರಲಿ.

ಮೊದಲು ತೊಟ್ಟಿ, ಆಮೇಲೆ ಮೀನು

ಮಣ್ಣಿಗೆ ಹಾಕಿದ ಅಮೋನಿಯಂ ಸಲ್ಫೇಟನ್ನು ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುವುದು ಬೆಳೆಗಾರರಿಗೆ ತಿಳಿದ ವಿಷಯ. ತೊಟ್ಟಿಯಲ್ಲಿ ನಡೆಯುವುದೂ ಇದೇ. ಮೀನಿನ ಹಿಕ್ಕೆಯಿಂದ ಹುಟ್ಟುವ ಅಮೋನಿಯಾ ವಿಷ. ಅದರಿಂದಾಗುವ ನೈಟ್ರೈಟ್ ಕೂಡ ವಿಷ. ಕೊನೆಗೆ ಉಳಿಯುವ ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ. ಈ ಕೆಲಸದ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀರು ತುಂಬಿಸಿ, ಪಂಪು ನಡೆಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಕಾಯಿರಿ. ಅನಂತರ ಒಂದೊಂದೇ ಜಾತಿಯನ್ನು ವಾರಗಳ ಅಂತರದಲ್ಲಿ ತನ್ನಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿರಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು.

ಮೈಲುತುತ್ತದ ಬಗ್ಗೆ ಎಚ್ಚರ

ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುವ ನಾವು ಇದನ್ನು ಮರೆಯುವಂತಿಲ್ಲ. ತಾಮ್ರ ಮೀನಿಗೆ ವಿಷ, ಮೆದು ನೀರಿನಲ್ಲಿ ಅದರ ಪರಿಣಾಮ ಇನ್ನೂ ತೀವ್ರ. ಔಷಧಿಯ ಕೈಯನ್ನು ತೊಟ್ಟಿಗೆ ಇಳಿಸಬಾರದು. ದ್ರಾವಣ ಕಲಸಿದ ಬಕೆಟ್, ಕೊಳವೆಗಳನ್ನು ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ಬಳಸಬಾರದು. ತಾಮ್ರದ ಹಂಡೆಯ ನೀರೂ ಬೇಡ. ಸಿಂಪಡಣೆಯ ದಿನಗಳಲ್ಲಿ ತೋಟದ ಕಾಲುವೆ, ತೆರೆದ ಹೊಂಡಗಳಿಂದ ನೀರು ತರಬೇಡಿರಿ.

ಹಳ್ಳಕ್ಕೆ ಬಿಡಬೇಡಿರಿ

ಸಾಕಿ ಸಾಕಾದ ಮೀನನ್ನು ಕೆರೆಗೋ ಹಳ್ಳಕ್ಕೋ ಬಿಡುವುದು ಕರುಣೆಯೆಂದು ಹಲವರ ಭಾವನೆ. ಗಾಜು ಶುಚಿಮಾಡಲೆಂದು ಕೊಳ್ಳುವ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ಭಾರತದ ಹಲವು ನದಿ, ಕೆರೆಗಳಲ್ಲಿ ನೆಲೆಯೂರಿದೆ. ಬೇಡವಾದ ಮೀನನ್ನು ಅಂಗಡಿಗೋ ಬೇರೆ ಸಾಕಣೆದಾರರಿಗೋ ಕೊಡಿರಿ. ಹಾಗೆಯೇ ಹಳ್ಳದ ಮೀನನ್ನು ಹಿಡಿದು ತೊಟ್ಟಿಗೆ ತರುವುದೂ ಸಲ್ಲದು. ಪಶ್ಚಿಮ ಘಟ್ಟದ ತೊರೆಗಳ 'ಮಿಸ್ ಕೇರಳ' ಮೀನಿಗೆ ಜಗತ್ತಿನ ಅಲಂಕಾರ ಮೀನಿನ ಮಾರುಕಟ್ಟೆಯಲ್ಲಿ ಬೇಡಿಕೆ ಬಂದು, ವಿಪರೀತ ಹಿಡಿದ ಕಾರಣ ಅದು ಅಳಿವಿನಂಚಿನ ಪಟ್ಟಿಗೆ ಸೇರಿತು.

ತೊಟ್ಟಿಯ ನೆಮ್ಮದಿಯನ್ನು ಮನೆಯಲ್ಲಿ ಅನುಭವಿಸೋಣ. ಹಳ್ಳದ ಮೀನುಗಳನ್ನು ಹಳ್ಳದಲ್ಲೇ ನೆಮ್ಮದಿಯಾಗಿರಲು ಬಿಡೋಣ.